ಎಕರೆಗೆ ಎಷ್ಟು ವ್ಯಾಟ್? ಕೆಜಿಎಫ್‌ನಿಂದ ಕಲೋಲ್‌ವರೆಗೆ, ನೆಲದ ಶಾಖ ಅಳೆಯುತ್ತ ಎಂಟು ದಿನ

ಮೊದಲ ದಿನ: ಕೆಜಿಎಫ್

ಬಂಗಾರಪೇಟೆ ದಾಟಿ ರಾಬರ್ಟ್‌ಸನ್‌ಪೇಟೆಗೆ ಬಂದಾಗ ಬೆಳಿಗ್ಗೆ ಏಳೂವರೆ. ಜನವರಿಯ ಮಂಜು ಇನ್ನೂ ಕರಗಿರಲಿಲ್ಲ. ಚಿನ್ನ ತೆಗೆದುಳಿದ ಕಲ್ಲುಪುಡಿಯ ಸೈನೈಡ್ ಗುಡ್ಡಗಳ ನೆತ್ತಿಯಷ್ಟೇ ಮಂಜಿನ ಮೇಲೆ ಕಾಣುತ್ತಿತ್ತು. ಗಾಡಿಯ ಹಿಂಭಾಗದಲ್ಲಿ ಕೈಯಿಂದ ತಿರುಗಿಸುವ ವಿಂಚ್, ಅದಕ್ಕೆ ಸುತ್ತಿದ 500 ಮೀಟರ್ ನಾಲ್ಕೆಳೆ ಕೇಬಲ್, ಮೂರು ಕಾಲಿನ ಸ್ಟ್ಯಾಂಡು, ಆಳ ಎಣಿಸುವ ರಾಟೆ, ಓಮ್ ಮೀಟರ್, ಎರಡು ಥರ್ಮಾಸ್ ಫ್ಲಾಸ್ಕು. ನಾಲ್ಕು ಜನ ಕೂರಲು ಜಾಗ ಉಳಿದದ್ದೇ ಹೆಚ್ಚು.

ಇಡ್ಲಿ ತಿನ್ನುವಾಗ ಪಕ್ಕದ ಬೆಂಚಿನಲ್ಲಿದ್ದ ಹಿರಿಯರು ಗಾಡಿಯ ಮೇಲಿನ ಕೇಬಲ್ ನೋಡಿ ಮಾತಿಗೆ ಬಂದರು. ಚಾಂಪಿಯನ್ ರೀಫ್‌ನಲ್ಲಿ ಕೆಲಸ ಮಾಡಿದವರು. "ಕೆಳಗೆ ಹೋಗಿ ಬಂಡೆ ಮುಟ್ಟಿದ್ರೆ ಕೈ ಚುರ್ ಅಂತಿತ್ತು ಸಾರ್. ಮೇಲಿಂದ ತಣ್ಣನೆ ಗಾಳಿ ಬಿಡೋರು. ಅದು ನಿಂತ್ರೆ ಆಳು ನಿಲ್ಲೋಕಾಗ್ತಿರಲಿಲ್ಲ." ಅವರ ಮಾತು ದಾಖಲೆಗೂ ಸರಿಹೊಂದುತ್ತದೆ. ನೆಲದಿಂದ 3.2 ಕಿಲೋಮೀಟರ್ ಕೆಳಗೆ ಬಂಡೆಯ ತಾಪ 65 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಮೇಲ್ಮೈ ಬಂಡೆಯದು ಸುಮಾರು 26. ಕಳೆದು ಭಾಗಿಸಿದರೆ ಒಂದು ಕಿಲೋಮೀಟರಿಗೆ ಬರೀ 12 ಡಿಗ್ರಿ ಏರಿಕೆ. ಎಷ್ಟೋ ಕಡೆ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಏರುತ್ತದೆ. ಕೈ ಸುಡುವಷ್ಟು ಬಿಸಿಯಿದ್ದ ಕೋಲಾರದ ಗಣಿ ನಿಜದಲ್ಲಿ ಭೂಮಿಯ ತಣ್ಣನೆಯ ಜಾಗಗಳಲ್ಲೊಂದು. ಬೇರೆ ಕಡೆ ಅಷ್ಟು ಆಳಕ್ಕೆ ಮನುಷ್ಯರು ಇಳಿದು ಕೆಲಸ ಮಾಡುವುದೇ ಕಷ್ಟವಾಗುತ್ತಿತ್ತು.

ಭಾರತದಲ್ಲಿ ಭೂಶಾಖದ ಹರಿವು, ಅಂದರೆ ನೆಲದೊಳಗಿಂದ ಮೇಲೇಳುವ ಶಾಖ, ಅಳೆಯುವ ಕೆಲಸ 1960ರ ದಶಕದಲ್ಲಿ ಶುರುವಾದಾಗ ಕೋಲಾರದ ಗಣಿಗಳು ಮೊದಮೊದಲ ತಾಣಗಳಲ್ಲಿ ಸೇರಿದ್ದವು. ಗಣಿಯೊಳಗೆ ಅಳೆಯುವುದಕ್ಕೆ ಬೇರೆಯದೇ ಕ್ರಮ ಇದೆ. ಸುರಂಗದ ಗೋಡೆಗೆ ಥರ್ಮಾಮೀಟರ್ ಒತ್ತಿ ನೋಡಿದರೆ ಸಿಗುವುದು ಗಾಳಿಯಿಂದ ತಣ್ಣಗಾದ ಬಂಡೆಯ ಲೆಕ್ಕ. ವರ್ಷಗಟ್ಟಲೆ ಗಾಳಿ ಬೀಸಿದ ಗೋಡೆಯಲ್ಲಿ ಆ ತಂಪು ಹಲವು ಮೀಟರ್ ಒಳಗೆ ಇಳಿದಿರುತ್ತದೆ. ಹಾಗಾಗಿ ಹೊಸದಾಗಿ ತೆರೆದ ಮುಖದಲ್ಲಿ ಅಡ್ಡಲಾಗಿ ರಂಧ್ರ ಕೊರೆದು, ತುದಿಯಲ್ಲಿ ತಾಪ ಅಳೆಯುವ ಪ್ರೋಬ್ ಇಟ್ಟು, ಬಾಯಿ ಮುಚ್ಚಿ, ಕೊರೆದ ಬಿಸಿ ಇಳಿಯುವವರೆಗೆ ಕಾಯಬೇಕು. ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಆಮೇಲೆ ನೀರು ತುಂಬಿಕೊಂಡಿದೆ, ಇಳಿಯುವ ಮಾತೇ ಇಲ್ಲ. ನಾವು ಹುಡುಕಿಕೊಂಡು ಹೋದದ್ದು ಊರಾಚೆ ರಾಗಿ ಹೊಲದ ಬದುವಿನಲ್ಲಿದ್ದ, ನೀರು ಸಾಲದೆ ಬಿಟ್ಟ ಒಂದು ಕೊಳವೆಬಾವಿಗೆ.

ಇಂಥ ಕೆಲಸಕ್ಕೆ ಬಿಟ್ಟ ಬೋರ್‌ವೆಲ್ಲೇ ಬೇಕು. ಪಂಪು ಕೂತ ಬಾವಿಯಲ್ಲಿ ನೀರು ಕಲಕಿರುತ್ತದೆ, ಕೇಬಲ್ ಇಳಿಯಲು ಜಾಗವೂ ಇರುವುದಿಲ್ಲ. ಹೊಸದಾಗಿ ಕೊರೆಸಿದ ಬಾವಿಯೂ ಬೇಡ. ಕೊರೆಯುವಾಗ ಬಂಡೆಗಾದ ಗಾಯ ತಾಪದಲ್ಲಿ ಮಾಯಲು, ಕೊರೆಯಲು ಹಿಡಿದ ಕಾಲದ ಹತ್ತಿಪ್ಪತ್ತು ಪಟ್ಟು ಕಾಯುವುದು ವಾಡಿಕೆ. ಇದು ಆರು ವರ್ಷದ ಹಳೆಯದು. ಮೊದಲು ಪ್ರೋಬ್‌ನಷ್ಟೇ ದಪ್ಪದ ಕಬ್ಬಿಣದ ಸರಳನ್ನು ಹಗ್ಗಕ್ಕೆ ಕಟ್ಟಿ ತಳದವರೆಗೆ ಬಿಟ್ಟು ನೋಡಿದೆವು. ಕೇಸಿಂಗ್ ಪೈಪು ಮುಗಿಯುವ ಕಡೆ ಕಲ್ಲು ಚಾಚಿರುವುದುಂಟು. ಮೊದಲೇ ಪ್ರೋಬ್ ಇಳಿಸಿ ಅಲ್ಲಿ ಸಿಕ್ಕಿಹಾಕಿಕೊಂಡರೆ ಪ್ರವಾಸ ಅಲ್ಲಿಗೇ ಮುಗಿದಂತೆ. ನೀರು ಸಿಕ್ಕಿದ್ದು 62 ಮೀಟರಿಗೆ, ತಳ 240ಕ್ಕೆ.

ಪ್ರೋಬ್‌ನ ತುದಿಯಲ್ಲಿರುವುದು ಥರ್ಮಿಸ್ಟರ್. 25 ಡಿಗ್ರಿಯಲ್ಲಿ ಅದರ ರೋಧ 10,000 ಓಮ್. ಬಿಸಿಯಾದಂತೆ ಇಳಿಯುತ್ತದೆ. ನಮ್ಮ ಬಾವಿಗಳ ತಾಪದಲ್ಲಿ ಒಂದು ಡಿಗ್ರಿಗೆ ಸುಮಾರು 400 ಓಮ್, ಅಂದರೆ ಡಿಗ್ರಿಯ ನೂರನೇ ಒಂದು ಪಾಲಿಗೆ 4 ಓಮ್. ಎರಡೇ ಎಳೆಯ ತಂತಿಯಾದರೆ ಉದ್ದನೆಯ ಕೇಬಲ್ಲಿನ ಸ್ವಂತ ರೋಧವೂ ಸೇರಿಕೊಂಡು ಈ ಸೂಕ್ಷ್ಮ ಕೆಟ್ಟುಹೋಗುತ್ತದೆ. ಆದ್ದರಿಂದ ನಾಲ್ಕು ಎಳೆ: ಎರಡರಲ್ಲಿ ಕರೆಂಟು, ಇನ್ನೆರಡರಲ್ಲಿ ವೋಲ್ಟೇಜ್ ಅಳತೆ. ಹೊರಡುವ ಮುನ್ನ ಬಟ್ಟಿ ಇಳಿಸಿದ ನೀರಿನಿಂದ ಮಾಡಿದ ಮಂಜುಗಡ್ಡೆ ಪುಡಿ ಮಾಡಿ ಫ್ಲಾಸ್ಕಿಗೆ ತುಂಬಿ, ಅದರಲ್ಲಿ ಪ್ರೋಬ್ ಅದ್ದಿ ಸೊನ್ನೆ ಡಿಗ್ರಿಯ ರೋಧ ಬರೆದುಕೊಂಡಿದ್ದೆವು: 32,654 ಓಮ್. ಆ ಸಂಖ್ಯೆ ಪುಸ್ತಕದ ಮೊದಲ ಪುಟದಲ್ಲಿತ್ತು.

ಇಳಿಸುವಾಗಲೇ ಅಳೆಯಬೇಕು. ಮೇಲೆಳೆಯುವಾಗ ಪ್ರೋಬ್ ನೀರನ್ನು ಕಲಕಿಬಿಟ್ಟಿರುತ್ತದೆ. ನೀರಿನೊಳಗೆ ಐದೈದು ಮೀಟರಿಗೆ ನಿಲ್ಲಿಸಿ, ಒಂದೂವರೆ ನಿಮಿಷ ಕಾದು, ಅಂಕಿ ನಿಂತ ಮೇಲೆ ಬರೆಯಬೇಕು. ನೀರಿನ ಮೇಲಿನ ಗಾಳಿಯಲ್ಲಾದರೆ ಹತ್ತು ನಿಮಿಷಕ್ಕೂ ಅಂಕಿ ನಿಲ್ಲುವುದಿಲ್ಲ, ಆ ಭಾಗ ನಮಗೆ ಬೇಕಾಗಿಯೂ ಇರಲಿಲ್ಲ. ಬೇಸಿಗೆ ಚಳಿಗಾಲದ ಏರಿಳಿತ ಹದಿನೈದಿಪ್ಪತ್ತು ಮೀಟರಿನಲ್ಲಿ ಸತ್ತುಹೋಗುತ್ತದೆ. ಆದರೆ ಕಳೆದ ನೂರೈವತ್ತು ವರ್ಷ ನೆಲ ಕಾದದ್ದರ ಗುರುತು ಸುಮಾರು ನೂರು ಮೀಟರಿನ ತನಕ ಉಳಿದಿರುತ್ತದೆ. ಅಲ್ಲಿ ತಾಪದ ಗೆರೆ ನೆಟ್ಟಗಿರದೆ ಬಾಗಿರುತ್ತದೆ. ಶಾಖದ ಹರಿವಿಗೆ ಅದರ ಕೆಳಗಿನ ನೆಟ್ಟಗಿನ ಭಾಗವನ್ನೇ ಆರಿಸಿಕೊಳ್ಳಬೇಕು.

100 ಮೀಟರಿನಲ್ಲಿ 27.31 ಡಿಗ್ರಿ, 240ರಲ್ಲಿ 29.21. ಅಂದರೆ ಕಿಲೋಮೀಟರಿಗೆ 13.6 ಡಿಗ್ರಿ. ಇಷ್ಟರಲ್ಲಿ ಕೆಲಸ ಅರ್ಧ ಮುಗಿದಂತೆ. ಉಳಿದರ್ಧ ಬಂಡೆಯ ಉಷ್ಣವಾಹಕತೆ. ಬಂಡೆ ಶಾಖವನ್ನು ಎಷ್ಟು ಸಲೀಸಾಗಿ ದಾಟಿಸುತ್ತದೆ ಎಂಬ ಲೆಕ್ಕ. ಎರಡನ್ನೂ ಗುಣಿಸಿದರೆ ಮಾತ್ರ ಹರಿವು. ಅಲ್ಲಿನ ನೈಸ್ ಎಂಬ ಪಟ್ಟೆಪಟ್ಟೆಯ ಹಳೆಯ ಬಂಡೆಯ ತುಂಡುಗಳನ್ನು ನೀರು ಕುಡಿಸಿ ಅಳೆದಾಗ ಸರಾಸರಿ 2.95 ವ್ಯಾಟ್ ಪ್ರತಿ ಮೀಟರ್ ಪ್ರತಿ ಡಿಗ್ರಿ ಬಂತು. ಗುಣಲಬ್ಧ 40: ಚದರ ಮೀಟರಿಗೆ 40 ಮಿಲಿವ್ಯಾಟ್. ಧಾರವಾಡ ಕ್ರೇಟಾನ್ ಎಂಬ ಬಲು ಹಳೆಯ ಗಟ್ಟಿ ಶಿಲಾನೆಲದ ಪೂರ್ವ ಭಾಗಕ್ಕೆ ಈವರೆಗಿನ ಅಳತೆಗಳು ಹೇಳುವ ಸರಾಸರಿಯೂ ಸುಮಾರು 40.

ಹೊಲದ ಯಜಮಾನರು ಅಷ್ಟು ಹೊತ್ತೂ ಬದುವಿನ ಮೇಲೆ ಕೂತು ನೋಡುತ್ತಿದ್ದರು. "ಎಷ್ಟು ಬಿಸಿ ಐತೆ ಸ್ವಾಮಿ ಒಳಗೆ?" ಚದರ ಮೀಟರಿನ ಲೆಕ್ಕ ಹೇಳಿ ಪ್ರಯೋಜನವಿಲ್ಲ ಎನಿಸಿ ಎಕರೆಗೆ ತಿರುಗಿಸಿದೆವು. ಒಂದು ಎಕರೆ ಅಂದರೆ 4,047 ಚದರ ಮೀಟರ್. ಅಷ್ಟೂ ನೆಲದಿಂದ ಹಗಲೂ ರಾತ್ರಿ ಏಳುವ ಶಾಖ 162 ವ್ಯಾಟ್. ಹಳೆಯ 60 ವ್ಯಾಟಿನ ಬಲ್ಬುಗಳು ಮೂರಕ್ಕೂ ಕಡಿಮೆ. ನೆತ್ತಿಯ ಬಿಸಿಲು ಅದೇ ಎಕರೆಗೆ ಸುಮಾರು 40 ಲಕ್ಷ ವ್ಯಾಟ್ ಸುರಿಯುತ್ತದೆ. ಅವರು ಬಾವಿಯ ಬಾಯಿಗೆ ಕಲ್ಲು ಚಪ್ಪಡಿ ಎಳೆದು ಮುಚ್ಚಿದರು. ಬೋರಿನ ಬಾಯಿ ತೆರೆದು ಬಿಟ್ಟು ಬರಬಾರದೆಂದು ನಾವು ಹೇಳುವ ಮೊದಲೇ ಅವರಿಗೆ ಆ ಎಚ್ಚರ ಇತ್ತು.

ಎರಡನೆಯ ದಿನ: ಕ್ಯಾತ್ಸಂದ್ರ, ಚಿತ್ರದುರ್ಗದಾಚೆ

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸದೆ ಆ ರಸ್ತೆಯಲ್ಲಿ ಯಾರೂ ಮುಂದೆ ಹೋಗುವುದಿಲ್ಲ. ಅಲ್ಲಿಂದ ಶಿರಾ, ಹಿರಿಯೂರು, ಚಿತ್ರದುರ್ಗ. ದಾರಿಯುದ್ದಕ್ಕೂ ನೆಲ ಬದಲಾಗುತ್ತದೆ. ರಾಮನಗರದ ಬಂಡೆಗಳಿಂದ ಉತ್ತರಕ್ಕೆ ಪಟ್ಟಿಯಂತೆ ಹರಡಿದ ಕ್ಲೋಸ್‌ಪೇಟೆ ಗ್ರಾನೈಟು ತುಮಕೂರು ಜಿಲ್ಲೆಯನ್ನೂ ಹಾದುಹೋಗುತ್ತದೆ. ಬಿಳಿಗೆಂಪಿನ ದಪ್ಪ ಹರಳಿನ ಆ ಕಲ್ಲು ಶಾಖದ ಲೆಕ್ಕದಲ್ಲಿ ಬಲು ಮುಖ್ಯ. ನೆಲದಿಂದ ಏಳುವ ಶಾಖವೆಲ್ಲ ಭೂಮಿಯ ಹೊಟ್ಟೆಯಿಂದಲೇ ಬಂದದ್ದಲ್ಲ. ದೊಡ್ಡ ಪಾಲು ಮೇಲಿನ ಬಂಡೆಯಲ್ಲೇ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಮೆಲ್ಲಗೆ ಕ್ಷಯಿಸುವುದರಿಂದ ಹುಟ್ಟುತ್ತದೆ. ಒಂದು ಗ್ರಾನೈಟಿನಲ್ಲಿ ಹತ್ತು ಲಕ್ಷಕ್ಕೆ 4 ಪಾಲು ಯುರೇನಿಯಂ, 25 ಪಾಲು ಥೋರಿಯಂ, ನೂರಕ್ಕೆ 4 ಪಾಲು ಪೊಟ್ಯಾಸಿಯಂ ಇದೆ ಎಂದುಕೊಳ್ಳಿ. ಅದರ ಪ್ರತಿ ಘನ ಮೀಟರು 3 ಮೈಕ್ರೋವ್ಯಾಟ್ ಶಾಖ ಹುಟ್ಟಿಸುತ್ತದೆ. ಅಂಥ ಕಲ್ಲು ಹತ್ತು ಕಿಲೋಮೀಟರ್ ದಪ್ಪ ಇದ್ದರೆ ಅದೊಂದೇ ಚದರ ಮೀಟರಿಗೆ 30 ಮಿಲಿವ್ಯಾಟ್ ಸೇರಿಸಿಬಿಡುತ್ತದೆ. ಚಿತ್ರದುರ್ಗದ ಪಶ್ಚಿಮಕ್ಕಿರುವ ಇನ್ನೂ ಹಳೆಯ ನೈಸ್‌ನಲ್ಲಿ ಈ ಮೂರು ಧಾತುಗಳು ಕಡಿಮೆ. ಕ್ರೇಟಾನ್‌ನ ಪಶ್ಚಿಮ ಭಾಗದ ಸರಾಸರಿ 31ರ ಆಸುಪಾಸಿಗೆ ಇಳಿಯುವುದಕ್ಕೆ ಇದೂ ಒಂದು ಕಾರಣ.

ಹೊಳಲ್ಕೆರೆ ಕಡೆಯ ಮೊದಲ ಬಾವಿಯಲ್ಲಿ 70 ಮೀಟರಿನಿಂದ 130ರ ತನಕ ತಾಪ ಅಲುಗಾಡಲೇ ಇಲ್ಲ, ಆಮೇಲೆ ಒಮ್ಮೆಗೇ ಮೆಟ್ಟಿಲು ಹತ್ತಿದಂತೆ ಏರಿತು. ಬಂಡೆಯ ಗುಣ ಹೀಗಿರುವುದಿಲ್ಲ, ಇದು ನೀರಿನ ಕೆಲಸ. ಮೇಲಿನ ಸೀಳಿನಿಂದ ಬಾವಿಗೆ ನುಗ್ಗಿದ ನೀರು ಕೆಳಗಿನ ಸೀಳಿಗೆ ಹೊರಟುಹೋಗುತ್ತಿತ್ತು. ವಿಚಾರಿಸಿದರೆ ನೂರು ಗಜದಾಚೆ ಅಡಿಕೆ ತೋಟಕ್ಕೆ ನೀರೆತ್ತುವ ಬೋರ್‌ವೆಲ್ ಇತ್ತು. "ತ್ರೀಫೇಸ್ ಬಂದೈತಲ್ಲ ಸಾರ್, ಈಗ ಎಲ್ಲಾರೂ ಮೋಟ್ರು ಹಾಕಿರ್ತಾರೆ" ಎಂದ ತೋಟದ ಹುಡುಗ. ಹಳ್ಳಿಯಲ್ಲಿ ಅಳೆಯುವವರು ಮೊದಲು ತಿಳಿದುಕೊಳ್ಳಬೇಕಾದದ್ದು ತ್ರೀಫೇಸ್ ಕರೆಂಟು ಬರುವ ಹೊತ್ತು. ಅದು ಹೋಗಿ ನಾಲ್ಕೈದು ಗಂಟೆಯಾದ ಮೇಲೆ ಇಳಿಸಿದರೆ ಒಳ್ಳೆಯದು. ಸೀಳಿನಿಂದ ಸೀಳಿಗೆ ಸದಾ ಹರಿಯುವ ಬಾವಿಯಾದರೆ ಎಷ್ಟು ಕಾದರೂ ವ್ಯರ್ಥ. ಆ ಬಾವಿಯನ್ನು ಅಲ್ಲೇ ಕೈಬಿಟ್ಟೆವು.

ಎರಡನೆಯ ಬಾವಿ ಗುಡ್ಡದ ಮಗ್ಗುಲಲ್ಲಿ, ಸುತ್ತ ಯಾವ ಪಂಪೂ ಇಲ್ಲದ ಕಡೆ. 120 ಮೀಟರ್ ತನಕ ಅಂದವಾಗಿ ಬಂದ ಅಂಕಿಗಳು ಆಮೇಲೆ ಹಾದಿ ತಪ್ಪಿದವು. ಒಂದೇ ಆಳದಲ್ಲಿ ಕಾದು ನಿಂತರೂ ರೋಧ ಇಳಿಯುತ್ತಲೇ ಹೋಯಿತು. ಇಳಿಯುವ ರೋಧವೆಂದರೆ ಪುಸ್ತಕದಲ್ಲಿ ಏರುವ ತಾಪ. ಇಂಥ ಹೊತ್ತಲ್ಲಿ 'ಇಲ್ಲಿ ಏನೋ ಬಿಸಿ ಇದೆ' ಎಂದು ನಂಬಿಬಿಡುವುದು ತೀರ ಸುಲಭ. ಮೇಲೆಳೆದು ಮಂಜುಗಡ್ಡೆಯ ಫ್ಲಾಸ್ಕಿನಲ್ಲಿಟ್ಟು ನೋಡಿದರೆ 32,654 ಇರಬೇಕಾದದ್ದು ಸಾವಿರ ಓಮ್‌ಗೂ ಹೆಚ್ಚು ಕೆಳಗಿತ್ತು. ಪ್ರೋಬ್ ಕೇಬಲ್ಲಿಗೆ ಸೇರುವ ಜಾಯಿಂಟಿಗೆ ನೀರು ನುಗ್ಗಿತ್ತು. ಆ ತೇವ ಥರ್ಮಿಸ್ಟರಿಗೆ ಪಕ್ಕದ ಕಳ್ಳದಾರಿಯಾಗುತ್ತದೆ. ಸೋರಿಕೆಯ ರೋಧ ಹತ್ತು ಲಕ್ಷ ಓಮ್ ಇದ್ದರೂ ಸಾಕು, 9,200 ಓಮ್ ತೋರಬೇಕಾದ ಪ್ರೋಬ್ 9,116 ತೋರುತ್ತದೆ. ಅಂದರೆ 0.21 ಡಿಗ್ರಿಯ ಸುಳ್ಳು ಬಿಸಿ. ಧಾರವಾಡದ ಬಂಡೆಯಲ್ಲಿ ಅಷ್ಟು ಏರಲು ಹದಿನೆಂಟು ಮೀಟರಿಗೂ ಹೆಚ್ಚು ಇಳಿಯಬೇಕು.

ಚಿತ್ರದುರ್ಗದ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ನಮಗೆ ಬೇಕಾದ ಕೈಗಳು ಸಿಕ್ಕವು. ನೀರೊಳಗೆ ನೂರಾರು ಅಡಿ ಕೆಳಗೆ ಬಾಳಬೇಕಾದ ಕೇಬಲ್ ಜಾಯಿಂಟು ಹಾಕುವುದೇ ಅವರ ದಿನದ ಕೆಲಸ. "ರಬ್ಬರ್ ಟೇಪು ಸುಮ್ನೆ ಸುತ್ತಬಾರ್ದು ಸಾರ್, ಎರಡರಷ್ಟು ಉದ್ದ ಆಗೋ ಹಂಗೆ ಎಳೆದು ಸುತ್ತಬೇಕು. ಆಗ್ಲೇ ಅದು ಒಂದಕ್ಕೊಂದು ಅಂಟಿ ಒಂದೇ ಉಂಡೆ ಆಗೋದು." ತೇವ ಹತ್ತಿದ ಎರಡು ಮೀಟರ್ ಕೇಬಲ್ ಕತ್ತರಿಸಿ, ನಾಲ್ಕೂ ಎಳೆಗೆ ಬೇರೆ ಬೇರೆ ಮಟ್ಟದಲ್ಲಿ ಬೆಸುಗೆ ಹಾಕಿ, ಒಂದೊಂದಕ್ಕೂ ಶಾಖಕ್ಕೆ ಕುಗ್ಗುವ ಕೊಳವೆ ತೊಡಿಸಿ, ಮೇಲೆ ಎಳೆದು ಟೇಪು ಸುತ್ತಿಕೊಟ್ಟರು. ಮೆಗ್ಗರ್ ಎಂಬ ಮೀಟರ್ ಹಚ್ಚಿ ಸೋರಿಕೆ ನೋಡುವ ಮುನ್ನ ಥರ್ಮಿಸ್ಟರನ್ನು ಬಿಡಿಸಿಡಬೇಕು. 500 ವೋಲ್ಟು ಅದರ ಮೇಲೆ ಹರಿದರೆ ಅದು ಹೋದಂತೆಯೇ. ರಾತ್ರಿಯಿಡೀ ಜಾಯಿಂಟನ್ನು ಉಪ್ಪು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟೆವು. ಊಟ ಅಂಗಡಿಯವರೇ ತೋರಿಸಿದ ಗಾಡಿಯಲ್ಲಿ, ಮಂಡಕ್ಕಿ ಒಗ್ಗರಣೆ ಮತ್ತು ಮಿರ್ಚಿ.

ಮೂರನೆಯ ದಿನ: ಮತ್ತೆ ಅದೇ ಗುಡ್ಡ, ಆಮೇಲೆ ವಿಜಯಪುರ

ಬೆಳಿಗ್ಗೆ ಸೋರಿಕೆ ಇರಲಿಲ್ಲ. ಆದರೆ ಎರಡು ಮೀಟರ್ ಕತ್ತರಿಸಿದ್ದರಿಂದ ಕೇಬಲ್ಲಿನ ಆಳದ ಗುರುತುಗಳೆಲ್ಲ ಎರಡು ಮೀಟರ್ ತಪ್ಪಾಗಿದ್ದವು. ಎಷ್ಟೋ ತಂಡಗಳು ಇದನ್ನು ಮರೆತು ಆಮೇಲೆ ಹಳೆಯ ಅಳತೆ, ಹೊಸ ಅಳತೆ ಯಾಕೆ ಹೊಂದುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುತ್ತವೆ. ಸೊನ್ನೆಯ ಗುರುತನ್ನು ಹೊಸದಾಗಿ ಕಟ್ಟಿ, ಬಿಸಿಲೇರುವ ಮೊದಲೇ ಇಳಿಸಿದೆವು. 110 ಮೀಟರಿನಲ್ಲಿ 27.02, 210ರಲ್ಲಿ 28.14. ಕಿಲೋಮೀಟರಿಗೆ 11.2 ಡಿಗ್ರಿ. ವಾಹಕತೆ 2.8. ಹರಿವು 31. ಎಕರೆಗೆ 125 ವ್ಯಾಟ್.

ಇಷ್ಟು ಕಡಿಮೆ ಆಳದ ಒಂದು ಬಾವಿಯನ್ನು ನಂಬಿ ಒಂದು ಸೀಮೆಯ ಬಗ್ಗೆ ಮಾತಾಡಬಾರದು. 300 ಮೀಟರ್ ದಾಟಿದ, ಕೋರ್ (ಬಂಡೆಯ ಉದ್ದನೆಯ ಉರುಳೆ) ತೆಗೆದ ಹಲವು ಬಾವಿಗಳು ಒಂದೇ ಮಾತು ಹೇಳಿದರೆ ಆಗ ನಂಬಬಹುದು. ನಮ್ಮ ಬಾವಿ ಆ ಮಾತಿಗೆ ಹೊಂದಿತು, ಅಷ್ಟೇ.

ಮಧ್ಯಾಹ್ನ ಹೊಸಪೇಟೆ, ಇಳಕಲ್ಲು. ಕೃಷ್ಣೆ ದಾಟಿದ ಮೇಲೆ ಮಣ್ಣು ಕಪ್ಪಾಗತೊಡಗಿತು. ನಿಡಗುಂದಿಯ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಬಡಿಸುತ್ತಿದ್ದ ಅಮ್ಮ ಗಾಡಿಯತ್ತ ಕೈ ತೋರಿ "ಬೋರ್ ಹೊಡ್ಯಾಕ ಬಂದೀರೇನ್ರಿ?" ಎಂದರು. ಕೊರೆಯಲು ಬಂದವರಲ್ಲ, ಒಳಗಿನ ಬಿಸಿ ನೋಡುವವರು ಎಂದೆವು. "ಬ್ಯಾಸಗ್ಯಾಗ ಬರ್ರಿ ಹಂಗಾದ್ರ. ಬಿಸಿ ಹೊರಗs ಸಿಗತೈತಿ." ನಿಜಕ್ಕೂ ಎಷ್ಟೋ ಜನರಿಗೆ ಬರುವ ಅನುಮಾನ ಅದು: ಬೇಸಿಗೆಯಲ್ಲಿ ಅಳೆದರೆ ಅಂಕಿ ಹೆಚ್ಚಾಗುವುದಿಲ್ಲವೇ ಎಂದು. ಇಪ್ಪತ್ತು ಮೀಟರ್ ಕೆಳಗೆ ವಿಜಯಪುರದ ಮೇ ತಿಂಗಳೂ ಜನವರಿಯೂ ಒಂದೇ.

ನಾಲ್ಕನೆಯ ದಿನ: ಕಿಲ್ಲಾರಿ

ಸೊಲ್ಲಾಪುರ ದಾಟಿ ಉಮರ್ಗಾ ಕಡೆ ತಿರುಗಿದರೆ ಕಣ್ಣು ಹಾಯುವಷ್ಟೂ ತೊಗರಿ, ಕಡಲೆ, ಜೋಳ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, ಇಲ್ಲಿ ನೆಲ ನಡುಗಿತು. ತೀವ್ರತೆ 6.2. ಸತ್ತವರು ಸುಮಾರು ಹತ್ತು ಸಾವಿರ. ಹಳೆಯ ಊರು ಇದ್ದ ಜಾಗ ಬಿಟ್ಟು ಹೊಸ ಕಿಲ್ಲಾರಿ ಕಟ್ಟಿದರು. ಹಳೆಯ ನಿವೇಶನದಲ್ಲಿ ನಡೆಯುವಾಗ ನಾಲ್ಕೂ ಜನ ಮಾತಾಡಲಿಲ್ಲ.

ಭೂಕಂಪದ ಮರುವರ್ಷಗಳಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಇಲ್ಲಿ 617 ಮೀಟರ್ ಆಳದ ಬಾವಿ ಕೊರೆಯಿತು. ಮೇಲೆ 338 ಮೀಟರ್ ಬಸಾಲ್ಟು, ಅಂದರೆ ಲಾವಾ ಆರಿ ಗಟ್ಟಿಯಾದ ಕಪ್ಪು ಕಲ್ಲು, ಅದರ ಕೆಳಗೆ ಎಂಟು ಮೀಟರ್ ತೆಳು ಕೆಸರುಕಲ್ಲು, ಆಮೇಲೆ ಕರ್ನಾಟಕದಲ್ಲಿ ಕಾಣುವಂಥದೇ ಹಳೆಯ ನೈಸ್. ಸ್ಥಿರವೆಂದುಕೊಂಡಿದ್ದ ನೆಲ ನಡುಗಿದ್ದರಿಂದ ಕೆಳಗೆ ಅಸಹಜ ಬಿಸಿ ಇದೆಯೇ ಎಂಬ ಪ್ರಶ್ನೆ ಎದ್ದಿತ್ತು. ಅಳತೆ ಕೊಟ್ಟ ಉತ್ತರ 43 ಮಿಲಿವ್ಯಾಟ್. ಧಾರವಾಡದ ನೆಲದ ಸಾಲಿಗೇ ಸೇರುವ ಅಂಕಿ.

ಈ ಜಾಗದಲ್ಲೇ ಶಾಖದ ಹರಿವಿನ ಪಾಠ ಸ್ಪಷ್ಟವಾಗಿ ಕಾಣುವುದು. ಊರಾಚೆಯ ಒಂದು ಬಳಕೆ ಬಿಟ್ಟ ಬೋರ್‌ವೆಲ್‌ನಲ್ಲಿ ನಮಗೆ 90 ಮೀಟರಿನಿಂದ 150ರ ನಡುವೆ ಒಂದೂವರೆ ಡಿಗ್ರಿ ಏರಿಕೆ ಸಿಕ್ಕಿತು. ಕಿಲೋಮೀಟರಿಗೆ 25 ಡಿಗ್ರಿ! ಹೊಳಲ್ಕೆರೆಯ ಎರಡರಷ್ಟಕ್ಕೂ ಹೆಚ್ಚು. ತಾಪ ಏರುವ ದರವನ್ನಷ್ಟೇ ನೋಡುವವರು ಇಲ್ಲಿ ಬೆಚ್ಚಿಬೀಳುತ್ತಾರೆ. ಆದರೆ ಬಸಾಲ್ಟಿನ ವಾಹಕತೆ ಕಡಿಮೆ: ಗಟ್ಟಿ ಬಸಾಲ್ಟಿನದು 1.8ರ ಹತ್ತಿರ, ಗುಳ್ಳೆ ತುಂಬಿದ್ದರದು 1.5. ಸರಾಸರಿ 1.7 ಹಿಡಿದರೆ ಹರಿವು 42.5. ಎಕರೆಗೆ 172 ವ್ಯಾಟ್. ಬಸಾಲ್ಟು ನೈಸ್ ಮೇಲೆ ಹೊದಿಸಿದ ಕಂಬಳಿ ಇದ್ದಂತೆ. ಕಂಬಳಿಯೊಳಗೆ ತಾಪ ಬೇಗ ಏರುತ್ತದೆ, ದಾಟುವ ಶಾಖ ಅಷ್ಟೇ. 338 ಮೀಟರಿನಲ್ಲಿ ಕಂಬಳಿ ಮುಗಿದು ನೈಸ್ ಸಿಕ್ಕಾಗ ಅದೇ ಹರಿವಿಗೆ ಕಿಲೋಮೀಟರಿಗೆ 15 ಡಿಗ್ರಿ ಸಾಕಾಗುತ್ತದೆ. ತಾಪದ ಗೆರೆ ಅಲ್ಲಿ ಮಡಿಚಿಕೊಳ್ಳಲೇಬೇಕು. ಎರಡೂ ಕಲ್ಲುಗಳಲ್ಲಿ ಬೇರೆ ಬೇರೆಯಾಗಿ ಗುಣಿಸಿದಾಗ ಒಂದೇ ಉತ್ತರ ಬಂದರೆ ಅಳತೆ ಸರಿಯಾಗಿದೆ ಎನ್ನಬಹುದು. ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ.

ಬಸಾಲ್ಟಿನ ತುಂಡು ಅಳೆಯುವಾಗ ಒಂದು ಎಚ್ಚರ. ಗುಳ್ಳೆಗಳಲ್ಲಿ ಗಾಳಿ ಇದ್ದರೆ ವಾಹಕತೆ ತೀರ ಕಡಿಮೆ ತೋರುತ್ತದೆ. ಬಾವಿಯಲ್ಲಿ ಅದೇ ಗುಳ್ಳೆಗಳಲ್ಲಿ ನೀರಿರುತ್ತದೆ. ತುಂಡನ್ನು ಗಾಳಿ ಎಳೆದ ಪಾತ್ರೆಯಲ್ಲಿಟ್ಟು ನೀರು ಕುಡಿಸಿಯೇ ಅಳೆಯಬೇಕು.

ಬಾವಿಯ ಜಮೀನಿನ ಆಜೋಬಾ ಭಾಕ್ರಿ, ಪಿಠಲೆ, ಹಸಿಮೆಣಸಿನ ಠೇಚಾ ಕೊಟ್ಟು ಕೂರಿಸಿಕೊಂಡರು. ನಮ್ಮ ಹರಕು ಮರಾಠಿ, ಅವರ ಅರ್ಧ ಕನ್ನಡ. ಕೆಳಗೆ ಬೆಂಕಿ ಇದೆ, ಅದಕ್ಕೇ ನಡುಗಿತು ಎಂದು ಊರಲ್ಲಿ ಈಗಲೂ ಕೆಲವರು ಹೇಳುತ್ತಾರಂತೆ. ಇಲ್ಲ ಆಜೋಬಾ, ಕೋಲಾರದಲ್ಲಿ ಇರುವಷ್ಟೇ ಇದೆ ಎಂದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಮಗ ಯಾಕೆ" ಎಂದರು. ಮರಾಠಿಯಲ್ಲಿ ಮಗ ಎಂದರೆ ಹಾಗಾದರೆ. ಹಾಗಾದರೆ ನಡುಗಿದ್ದು ಯಾಕೆ ಎಂಬ ಆ ಪ್ರಶ್ನೆಗೆ ಥರ್ಮಿಸ್ಟರಿನಲ್ಲಿ ಉತ್ತರವಿಲ್ಲ. ಬಂಡೆಯಲ್ಲಿ ಒತ್ತಡ ಕೂಡಿ ಹಳೆಯ ಬಿರುಕು ಜಾರುವುದಕ್ಕೆ ಬೆಂಕಿ ಬೇಕಿಲ್ಲ ಎಂದಷ್ಟೇ ತಿಳಿಸಿ ಹೇಳಿದೆವು.

ಐದನೆಯ ದಿನ: ಕೊಯ್ನಾ, ಕುಂಭಾರ್ಲಿ ಘಾಟ್

ಪಂಢರಪುರ, ಕರಾಡ, ಕೊಯ್ನಾನಗರ. ರಸ್ತೆಯ ಎರಡೂ ಕಡೆ ಕಬ್ಬು, ಬೆಲ್ಲದ ಆಲೆಮನೆಗಳ ಹೊಗೆ. ಕೊಯ್ನಾದಲ್ಲಿ 1967ರ ಡಿಸೆಂಬರಿನ ಭೂಕಂಪದ ನಂತರ ನಡೆದ ಅಧ್ಯಯನಗಳಲ್ಲಿ ಬಸಾಲ್ಟನ್ನು ಪೂರ್ತಿ ದಾಟಿ ಕೊರೆದ ಬಾವಿಗಳಿವೆ. ರಸಾಟಿಯ ಬಾವಿಯಲ್ಲಿ ಕಂಬಳಿಯ ದಪ್ಪ ಸುಮಾರು 930 ಮೀಟರ್, ಕಿಲ್ಲಾರಿಯದರ ಮೂರರಷ್ಟು ಹತ್ತಿರ. ನಾವು ಇಲ್ಲಿ ಏನೂ ಇಳಿಸಲಿಲ್ಲ. ಎತ್ತರ ತಗ್ಗಿನ ಘಟ್ಟದಲ್ಲಿ ಕಡಿಮೆ ಆಳದ ಬಾವಿ ಅಳೆದರೆ ಗುಡ್ಡದ ಆಕಾರವೇ ತಾಪವನ್ನು ತಿರುಚುತ್ತದೆ. ಕಣಿವೆಯ ತಳದಲ್ಲಿ ಏರಿಕೆ ಹೆಚ್ಚು, ನೆತ್ತಿಯಲ್ಲಿ ಕಡಿಮೆ. ಆ ತಿದ್ದುಪಡಿ ಮಾಡಲು ಸುತ್ತಲಿನ ಎತ್ತರಗಳ ನಕ್ಷೆ ಇಟ್ಟುಕೊಂಡು ಕೂರಬೇಕು. ಕುಂಭಾರ್ಲಿ ಘಾಟ್ ಇಳಿಯುವಾಗ ಪದರ ಪದರವಾಗಿ ಕಾಣುವ ಲಾವಾದ ಮೆಟ್ಟಿಲುಗಳನ್ನು ನೋಡುತ್ತ ಇಳಿದದ್ದಷ್ಟೇ. ಒಂದೊಂದು ಪದರದ ನಡುವೆ ಇಟ್ಟಿಗೆ ಬಣ್ಣದ ತೆಳು ಮಣ್ಣು.

ಆರನೆಯ ದಿನ: ತುರಳದ ಬಿಸಿನೀರು

ಚಿಪಳೂಣದಿಂದ ಸಂಗಮೇಶ್ವರದ ಕಡೆ ಹೆದ್ದಾರಿಯ ಮಗ್ಗುಲಲ್ಲೇ ತುರಳ. ಕಲ್ಲು ಕಟ್ಟಿದ ಕುಂಡದಿಂದ ಆವಿ ಏಳುತ್ತಿತ್ತು. ಪ್ರೋಬ್ ಅದ್ದಿದರೆ 61 ಡಿಗ್ರಿ. ಸ್ನಾನಕ್ಕೆ ಬಂದವರು ತಣ್ಣೀರು ಬೆರೆಸಿಕೊಂಡೇ ಮೈಮೇಲೆ ಹಾಕಿಕೊಳ್ಳುತ್ತಾರೆ. ಮೊದಲ ಸಲ ಬರುವವರು ನೇರ ಕಾಲಿಡಬಾರದು. ಕೊಂಕಣ ತೀರದಲ್ಲಿ ಸುಮಾರು 350 ಕಿಲೋಮೀಟರ್ ಉದ್ದಕ್ಕೆ ಇಂಥ ಬುಗ್ಗೆಗಳ ಸಾಲೇ ಇದೆ. ನಮ್ಮ ಪುತ್ತೂರಿನ ಇರ್ದೆಯ ಬೆಂದ್ರ್ ತೀರ್ಥ ಇನ್ನೂ ದಕ್ಷಿಣದಲ್ಲಿದ್ದು, ಮೈಗೆ ಹಿತವಾಗುವಷ್ಟೇ ಬೆಚ್ಚಗಿರುತ್ತದೆ. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರು.

ಬಿಸಿನೀರು ಕಂಡ ಕೂಡಲೇ ಕೆಳಗೆ ಲಾವಾ ಇದೆ ಎನ್ನುವವರು ಇಲ್ಲಿಯೂ ಸಿಕ್ಕರು. ಲೆಕ್ಕ ಹಾಗೆ ಹೇಳುವುದಿಲ್ಲ. ಮಳೆನೀರು 27 ಡಿಗ್ರಿಯಲ್ಲಿ ಬಿರುಕಿನೊಳಗೆ ಇಳಿಯುತ್ತದೆ. ಕಿಲೋಮೀಟರಿಗೆ ಸರಾಸರಿ 20 ಡಿಗ್ರಿ ಏರುವ ಸಾಮಾನ್ಯ ನೆಲದಲ್ಲೂ ಎರಡು ಕಿಲೋಮೀಟರ್ ಹತ್ತಿರ ಇಳಿದರೆ 61 ಮುಟ್ಟುತ್ತದೆ. ದಾರಿಯಲ್ಲಿ ಆರುವುದನ್ನು ಸೇರಿಸಿದರೆ ಇನ್ನೂ ಸ್ವಲ್ಪ ಆಳ. ಬೇಗ ಮೇಲೇರಲು ಒಂದು ಬಿರುಕು ಸಿಕ್ಕರೆ ಸಾಕು. ಬುಗ್ಗೆ ಸೆಕೆಂಡಿಗೆ ಒಂದು ಲೀಟರ್ ಕೊಡುತ್ತದೆ ಎಂದಿಟ್ಟುಕೊಂಡರೂ ಅದು ಹೊತ್ತು ತರುವ ಶಾಖ 142 ಕಿಲೋವ್ಯಾಟ್. ಕಿಲ್ಲಾರಿಯ ಲೆಕ್ಕದಲ್ಲಿ ಎಂಟುನೂರಕ್ಕೂ ಹೆಚ್ಚು ಎಕರೆಯ ಶಾಖ! ಅಷ್ಟೂ ನೆಲದ್ದನ್ನು ನೀರು ಗುಡಿಸಿ ಒಂದು ಕುಂಡಕ್ಕೆ ತಂದು ಸುರಿಯುತ್ತದೆ. ಆದ್ದರಿಂದಲೇ ಬುಗ್ಗೆಯ ಪಕ್ಕದ ಬಾವಿಯಲ್ಲಿ ಅಳೆದ ಅಂಕಿಯನ್ನು ಆ ಸೀಮೆಯ ಶಾಖದ ಹರಿವೆಂದು ನಕ್ಷೆಯಲ್ಲಿ ಬರೆಯುವುದು ದೊಡ್ಡ ತಪ್ಪು. ಇಂಥ ಅಂಕಿಗಳು ಸೇರಿಕೊಂಡು ಕೆಟ್ಟ ನಕ್ಷೆಗಳು ಕಡಿಮೆಯಿಲ್ಲ.

ಫ್ಲಾಸ್ಕಿಗೆ ಮಂಜುಗಡ್ಡೆ ಮುಗಿದಿತ್ತು. ಮೀನು ಮಾರುಕಟ್ಟೆಯಲ್ಲಿ ಬೇಕಾದಷ್ಟಿದ್ದರೂ ತೆಗೆದುಕೊಳ್ಳಲಿಲ್ಲ. ಉಪ್ಪು ಸೋಕಿದ ಮಂಜು ಸೊನ್ನೆಗಿಂತ ಕೆಳಗೆ ಇಳಿಯುತ್ತದೆ, ತಾಳೆ ನೋಡುವ ಕೆಲಸವೇ ಕೆಡುತ್ತದೆ. ಅನ್ನ, ಬಂಗುಡೆ ಸಾರು, ಸೋಲ್‌ಕಢಿ ಕೊಟ್ಟ ಖಾನಾವಳಿಯವರು ತಮ್ಮ ಫ್ರಿಜ್ಜಿನಲ್ಲಿ ನಮ್ಮ ಬಟ್ಟಿ ನೀರಿನ ತಟ್ಟೆ ಇಡಲು ಒಪ್ಪಿದರು.

ಏಳನೆಯ ದಿನ ಪೂರ್ತಿ ರಸ್ತೆಯ ಮೇಲೆ ಕಳೆಯಿತು.

ಎಂಟನೆಯ ದಿನ: ಕಲೋಲ್

ಅಹಮದಾಬಾದಿನ ಉತ್ತರಕ್ಕೆ ಹೋದಂತೆ ಔಡಲ, ಸಾಸಿವೆ ಹೊಲಗಳ ನಡುವೆ ತಲೆಯಾಡಿಸುವ ಎಣ್ಣೆ ಪಂಪುಗಳು. ಇಲ್ಲಿ ಕಲ್ಲು ಕಾಣುವುದೇ ಇಲ್ಲ. ಖಂಭಾತ್ ಜಲಾನಯನ ಎಂದರೆ ಬಿರಿದು ಕುಸಿದ ನೆಲ, ಅದರ ಮೇಲೆ ಕಿಲೋಮೀಟರುಗಟ್ಟಲೆ ಜೇಡಿ, ಮರಳು. ಉತ್ತರ ಭಾಗದ ಹರಿವು 75ರಿಂದ 93 ಮಿಲಿವ್ಯಾಟ್, ಹೊಳಲ್ಕೆರೆಯ ಸುಮಾರು ಎರಡೂವರೆಯಿಂದ ಮೂರು ಪಟ್ಟು. ನೆಲದೊಳಗೆ ಕಚ್ಚಾ ಎಣ್ಣೆ ಹುಟ್ಟಲು 60ರಿಂದ 120 ಡಿಗ್ರಿ ಬೇಕು. ಇಂಥ ನೆಲದಲ್ಲಿ ಆ ಬಿಸಿ ಕಡಿಮೆ ಆಳದಲ್ಲೇ ಸಿಗುತ್ತದೆ.

ಎಣ್ಣೆ ಬಾವಿಗೆ ನಮ್ಮ ಪ್ರೋಬ್ ಇಳಿಸುವಂತಿಲ್ಲ, ಇಳಿಸಿದರೂ ಪ್ರಯೋಜನವಿಲ್ಲ. ಬಳಸುವುದು ಕೊರೆಯುವಾಗ ತಳದಲ್ಲಿ ದಾಖಲಾದ ತಾಪ. ಅದು ಯಾವಾಗಲೂ ಕಡಿಮೆ ಇರುತ್ತದೆ, ಯಾಕೆಂದರೆ ಕೊರೆಯುವ ಕೆಸರುನೀರು ತಳವನ್ನು ತಣ್ಣಗೆ ಮಾಡಿರುತ್ತದೆ. ತಿದ್ದುವ ಬಗೆ ತೋರಿಸಲು ಒಂದು ಮಾದರಿ ಲೆಕ್ಕ: 1,500 ಮೀಟರ್ ತಳದಲ್ಲಿ ನಾಲ್ಕು ಗಂಟೆ ಕೆಸರು ಹರಿಸಿ ನಿಲ್ಲಿಸಿದರು. ಆರು ಗಂಟೆಯ ನಂತರ 87.8 ಡಿಗ್ರಿ, ಹನ್ನೆರಡಕ್ಕೆ 92.2, ಇಪ್ಪತ್ನಾಲ್ಕಕ್ಕೆ 94.9. ಹರಿಸಿದ ಕಾಲಕ್ಕೆ ನಿಂತ ಕಾಲ ಕೂಡಿಸಿ, ನಿಂತ ಕಾಲದಿಂದ ಭಾಗಿಸಿ, ಅದರ ಲಾಗರಿದಮ್ ತೆಗೆದು ಗ್ರಾಫಿನಲ್ಲಿ ಗುರುತಿಸಿದರೆ ಮೂರೂ ಒಂದೇ ಗೆರೆಯಲ್ಲಿ ಕೂರುತ್ತವೆ. ಗೆರೆಯನ್ನು ಸೊನ್ನೆಯವರೆಗೆ ಎಳೆದರೆ ನಿಜವಾದ ತಾಪ 98. ಇದಕ್ಕೆ ಹಾರ್ನರ್ ವಿಧಾನ ಎನ್ನುತ್ತಾರೆ. ಮೇಲ್ಮೈ 28, ವಾಹಕತೆ 1.8 ಹಿಡಿದರೆ ಹರಿವು 84. ಮೊದಲ ಅಂಕಿಯನ್ನೇ ನಂಬಿದ್ದರೆ 72 ಬರುತ್ತಿತ್ತು.

ವಾಹಕತೆಯ ಸರಾಸರಿಯಲ್ಲೂ ಎಡವುವುದುಂಟು. ಅರ್ಧ ಜೇಡಿಶಿಲೆ 1.4, ಅರ್ಧ ಮರಳುಗಲ್ಲು 3.0 ಇದ್ದರೆ ಕೂಡಿಸಿ ಎರಡರಿಂದ ಭಾಗಿಸಿ 2.2 ಎನ್ನಬಾರದು. ಶಾಖ ಒಂದಾದ ಮೇಲೊಂದು ಪದರ ದಾಟುತ್ತದೆ, ಹಾಗಾಗಿ ಕೂಡಿಸಬೇಕಾದದ್ದು ಅಡೆತಡೆಗಳನ್ನು. ಸರಿಯಾದ ಉತ್ತರ 1.91. ನೂರಕ್ಕೆ ಹದಿನೈದು ಪಾಲಿನಷ್ಟು ವ್ಯತ್ಯಾಸ ಅಲ್ಲೇ ಹುಟ್ಟುತ್ತದೆ.

ಔಡಲ ಹೊಲದ ಕಾಕಾ ಬಾಜ್ರಿ ರೋಟ್ಲಾ, ಬೆಲ್ಲ, ಮಜ್ಜಿಗೆ ತಂದುಕೊಟ್ಟು ಹಿಂದಿಯಲ್ಲಿ ವಿಚಾರಿಸಿದರು, ನಿಮ್ಮೂರ ನೆಲಕ್ಕೂ ನಮ್ಮ ನೆಲಕ್ಕೂ ಎಷ್ಟು ವ್ಯತ್ಯಾಸ ಎಂದು. 84ರ ಲೆಕ್ಕದಲ್ಲಿ ನಿಮ್ಮ ಎಕರೆಗೆ 340 ವ್ಯಾಟ್, ಹೊಳಲ್ಕೆರೆಯ ಎಕರೆಗೆ 125 ಎಂದೆವು. ಅವರು ಕೂಡಲೇ ಬಿಘಾಗೆ ಎಷ್ಟಾಗುತ್ತದೆ ಎಂದು ಕೇಳಿ, ಬಿಘಾದ ಅಳತೆ ತಾವೇ ಹೇಳಿ, ಬೆರಳೆಣಿಸಿ ಲೆಕ್ಕ ಮಾಡಿಕೊಂಡರು.

ಸಂಜೆ ಲಾಡ್ಜಿನಲ್ಲಿ ಕೇಬಲ್ಲಿನ ಕೆಸರು ಒರೆಸಿ ಸುತ್ತಿಟ್ಟ ಮೇಲೆ, ಕೊಂಕಣದ ಫ್ರಿಜ್ಜಿನಲ್ಲಿ ಮಾಡಿ ತಂದಿದ್ದ ಕೊನೆಯ ಮಂಜುಗಡ್ಡೆ ಪುಡಿ ಮಾಡಿ ಪ್ರೋಬ್ ಅದ್ದಿದೆವು. ಇಪ್ಪತ್ತು ನಿಮಿಷ ಕಾದು ಓದಿದಾಗ 32,661 ಓಮ್. ಮೊದಲ ದಿನದ್ದಕ್ಕಿಂತ 7 ಓಮ್ ಹೆಚ್ಚು, ಡಿಗ್ರಿಯ ಸಾವಿರದಲ್ಲಿ ನಾಲ್ಕು ಪಾಲು. ಪುಸ್ತಕದ ಮೊದಲ ಪುಟದಲ್ಲಿ ಹಳೆಯ ಅಂಕಿಯ ಕೆಳಗೆ ದಿನಾಂಕ ಹಾಕಿ ಬರೆದೆವು.